ಮುಚ್ಚಬೇಕಾಗಿದ್ದ ತಗ್ಗುಗಳು

ಯಾರಾದರೂ ನನ್ನನ್ನು 'ಭಾಳ ಕಟ್ಟುನಿಟ್ಟಿನ ಮನುಷ್ಯ' ಎಂದು ಹೊಗಳಿದರೆ ಮೈ ಉರಿಯುತ್ತದೆ. ನಿವೃತ್ತನಾದ ದಿನ ಕಚೇರಿಯಲ್ಲಿ ಹಾರ ಹಾಕಿ ಹಾಗೆಯೇ ಅಂದರು. ಮದುವೆ ಮನೆಗಳಲ್ಲಿ ಇವತ್ತಿಗೂ ಯಾರೋ ಒಬ್ಬರು ಅನ್ನುತ್ತಾರೆ. ಕಟ್ಟುನಿಟ್ಟು ಎಷ್ಟು ಅಗ್ಗದ ಗುಣ ಎಂಬುದು ನನಗೆ ಗೊತ್ತು. ಎದುರಿಗೆ ನಿಂತವನು ಬಡವನಾಗಿದ್ದರೆ ಸಾಕು, ಯಾರು ಬೇಕಾದರೂ ಕಟ್ಟುನಿಟ್ಟಾಗಿರಬಹುದು.

ನಮ್ಮ ಭಾಗ ಮುಂಬಯಿ ಸರ್ಕಾರದಿಂದ ಮೈಸೂರಿಗೆ ಬಂದ ಹೊಸತು. ನಾನು ನರಗುಂದದವನು, ತಂದೆ ಅಲ್ಲಿ ಕನ್ನಡ ಸಾಲೆಯ ಮಾಸ್ತರರು. ಧಾರವಾಡದಲ್ಲಿ ಕೆಲವು ತಿಂಗಳು ಮಣ್ಣು, ಕಲ್ಲು, ಸುಣ್ಣದ ತರಬೇತಿ ಮುಗಿಸಿ ರೋಣದ ಲೋಕೋಪಯೋಗಿ ಕಚೇರಿಗೆ ಸೇರಿದ್ದೆ. ಆಗ ಯಾವಗಲ್ ಊರಿನ ಆಚೆ ಹಳ್ಳಕ್ಕೆ ಸೇತುವೆ ಕಟ್ಟಿ, ಎರಡೂ ಕಡೆ ಎತ್ತರದ ಏರಿಯ ಮೇಲೆ ರಸ್ತೆ ಒಯ್ಯುವ ಕೆಲಸ ನಡೆದಿತ್ತು. ಏರಿಗೆ ಕರಿಮಣ್ಣು ನಡೆಯುವುದಿಲ್ಲ. ಹೊಲದ ಕರಿಮಣ್ಣನ್ನು ತೆಗೆದು ಪಕ್ಕಕ್ಕೆ ಗುಡ್ಡೆ ಹಾಕಿ, ಅದರ ಕೆಳಗಿನ ಕಲ್ಲುಮಿಶ್ರಿತ ಗರಸನ್ನು ಅಗೆಯಬೇಕು. ಹೀಗಾಗಿ ತಗ್ಗುಗಳು ಆಳುದ್ದ ಆಗುತ್ತಿದ್ದವು.

ಹೊಲದವರು ಸುಮ್ಮನೆ ಮಣ್ಣು ಕೊಡಲಿಲ್ಲ. ಚಾವಡಿಯಲ್ಲಿ ಕೂತು ಕರಾರು ಬರೆಸಿಕೊಂಡರು. ಮುಂಗಾರಿನ ಮಿರಗ ಮಳೆ ಕೂಡುವುದರೊಳಗೆ ತಗ್ಗುಗಳಿಗೆ ಹಳ್ಳದ ಹೂಳು ತುಂಬಿ, ಅವರವರ ಕರಿಮಣ್ಣನ್ನು ಮೇಲೆ ಹರಡಿ, ಬಿತ್ತುವ ಹಾಗೆ ಮಾಡಿಕೊಡಬೇಕು; ದನ ನೀರಿಗೆ ಹೋಗುವ ದಾರಿ ಕಟ್ಟಬಾರದು; ಕಡಿದ ಒಂದೊಂದು ಬೇವಿಗೆ ಎರಡೆರಡು ಸಸಿ ಹಚ್ಚಬೇಕು. ಗುತ್ತಿಗೆದಾರ ಇದನ್ನೆಲ್ಲ ಮಾಡುತ್ತಾನೋ ಇಲ್ಲವೋ ನೋಡುವುದು ನನ್ನ ಕೆಲಸ. ಹೊಲದವರಿಗೆ ನಾನೆಂದರೆ ದೇವರು ಕಳಿಸಿದ ಮನುಷ್ಯ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ, ಆ ಪೂಜಾರಿ ನಾನು. ಸೈಕಲ್ ಇಳಿದರೆ ಸಾಕು, ಯಾರಾದರೂ ಬಂದು ಹಿಡಿದುಕೊಳ್ಳುತ್ತಿದ್ದರು. ಇಪ್ಪತ್ತಮೂರರ ವಯಸ್ಸಿನಲ್ಲಿ ಅಷ್ಟು ಸಿಕ್ಕರೆ ತಲೆ ನಿಲ್ಲುವುದಿಲ್ಲ.

ಗುತ್ತಿಗೆದಾರ ಗಜೇಂದ್ರಗಡದವನು, ನಗುಮುಖದವನು. ಸಸಿ ಹಚ್ಚಿದ್ದೇನೆ ಎಂದು ಏರಿಯ ಬದಿಗೆ ಕರೆದುಕೊಂಡು ಹೋಗಿ ತೋರಿಸಿದ. ಸಾಲಾಗಿ ಬೇವಿನ ಗಿಡಗಳು, ಒಂದೊಂದಕ್ಕೂ ಮುಳ್ಳಿನ ಬೇಲಿ. ಕೈ ಹಾಕಿ ಒಂದನ್ನು ಎಳೆದೆ. ಬೇರೇ ಇರಲಿಲ್ಲ. ಆ ದಿನ ಮುಂಜಾನೆ ಯಾವುದೋ ಮರದಿಂದ ಮುರಿದ ಟೊಂಗೆಗಳನ್ನು ನೆಲಕ್ಕೆ ಚುಚ್ಚಿದ್ದ. ಇನ್ನೊಂದು ಎಳೆದೆ, ಮತ್ತೊಂದು ಎಳೆದೆ. ಅವನು ನಗುತ್ತಲೇ ಇದ್ದ.

ರೋಣಕ್ಕೆ ಹೋದವನೇ ಖಾರವಾಗಿ ವರದಿ ಬರೆದೆ. ಮೂರನೆಯ ದಿನ ನಮ್ಮ ಇಂಜಿನಿಯರ್ ಸಾಹೇಬರು ಕರೆಸಿದರು. ಅವರ ಎದುರು ಕುರ್ಚಿಯಲ್ಲಿ ಆ ಗುತ್ತಿಗೆದಾರ ಕೂತಿದ್ದ. ನಾನು ನಿಂತೇ ಇದ್ದೆ.

'ರಸ್ತಾ ಲಗೂ ಆಗಬೇಕೋ, ನಿನ್ನ ಬೇವಿನ ಗಿಡ ಆಗಬೇಕೋ?' ಎಂದು ಸಾಹೇಬರು ಕೇಳಿದರು. ವರದಿಯನ್ನು ನನ್ನ ಕೈಗೇ ಕೊಟ್ಟು, ತಿದ್ದಿ ಬರೆದುಕೊಂಡು ಬಾ ಎಂದರು. ಗುತ್ತಿಗೆದಾರ ತನ್ನ ಚಹಾದ ಬಸಿಯನ್ನು ನನ್ನ ಕಡೆ ಸರಿಸಿ, 'ಕುಡೀರಿ ಸಾಹೇಬ್ರ, ಸಿಟ್ಟು ತಣ್ಣಗಾಗತೈತಿ' ಎಂದ. ಆ ಚಹಾ ಕುಡಿದೆ.

ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ ಎಳೆದರಂತೆ. ನನಗೂ ಒಂದು ಎತ್ತು ಬೇಕಾಗಿತ್ತು. ಮರುದಿನವೇ ಸಿಕ್ಕಿತು.

ಮಣ್ಣು ಅಗೆಯುವ ತಂಡದವರು ಹಳ್ಳದ ದಂಡೆಯಲ್ಲಿ ಗೋಣಿತಾಟಿನ ಗುಡಿಸಲು ಹಾಕಿಕೊಂಡಿದ್ದರು. ಮೂವತ್ತು ಜನ, ಹತ್ತಾರು ಕತ್ತೆಗಳು. ತಂಡದ ಹಿರಿಯ ಅರವತ್ತು ದಾಟಿದವನು. ಮಾತು ಕಡಿಮೆ, ಬಲಗಿವಿ ಕೇಳಿಸುತ್ತಿರಲಿಲ್ಲ. ಅವನ ಹೆಂಡತಿಯೇ ಅವನ ಪರವಾಗಿ ಮಾತಾಡುತ್ತಿದ್ದಳು. ಅವರು ನಾಲ್ಕು ತಗ್ಗು ಅಗೆದು ಮುಗಿಸಿದ್ದರು. ನಾನು ಅಳೆದು ಸೈ ಎಂದರೆ ಅವನ್ನು ಮುಚ್ಚಿ, ಮಳೆಗೆ ಮುಂಚೆ ಮೆಣಸಗಿ ಕಡೆಯ ಒಡ್ಡಿನ ಕೆಲಸಕ್ಕೆ ಹೋಗುವವರು.

ಅಳೆಯುವುದು ಹೇಗೆಂದು ಹೇಳಬೇಕು. ಅಗೆಯುವಾಗ ತಗ್ಗಿನ ನಡುವೆ ಕಂಬದ ಹಾಗೆ ಒಂದಿಷ್ಟು ಮಣ್ಣನ್ನು ಅಗೆಯದೆ ಬಿಡುತ್ತಾರೆ. ಅದರ ನೆತ್ತಿ ಹೊಲದ ಮೊದಲಿನ ಮಟ್ಟ. ತಳದಿಂದ ನೆತ್ತಿಗೆ ಅಳೆದರೆ ಎಷ್ಟು ಆಳ ಅಗೆದರು ಎಂಬುದು ತಿಳಿಯುತ್ತದೆ, ಕೂಲಿ ಸಿಗುವುದು ಆ ಲೆಕ್ಕದ ಮೇಲೆ. ಅದಕ್ಕೆ ಸಾಕ್ಷಿ ಎನ್ನುತ್ತಾರೆ. ಅಳತೆಯಾಗುವವರೆಗೆ ಅದು ನಿಲ್ಲಬೇಕು, ಆದಮೇಲೆ ಅದನ್ನು ಉರುಳಿಸಿ ತಗ್ಗು ಮುಚ್ಚಬೇಕು. ಇದರಲ್ಲಿ ಮೋಸವೂ ಉಂಟು. ಬೇರೆ ಕಡೆಯಿಂದ ಹುಲ್ಲು ಸಮೇತ ಮಣ್ಣಿನ ಹೆಂಟೆ ಕಿತ್ತು ತಂದು ನೆತ್ತಿಯ ಮೇಲೆ ಕೂಡಿಸಿದರೆ ಸಾಕ್ಷಿ ಒಂದು ಗೇಣು ಬೆಳೆಯುತ್ತದೆ. ಇದನ್ನು ಹಿಡಿಯುವುದು ಹೇಗೆಂದು ಧಾರವಾಡದಲ್ಲಿ ನಮಗೆ ಕಲಿಸಿದ್ದರು.

ಮೂರು ತಗ್ಗುಗಳ ಸಾಕ್ಷಿಗಳು ಬಿಸಿಲಿಗೆ ಬೂದಿಯ ಬಣ್ಣಕ್ಕೆ ತಿರುಗಿದ್ದವು. ಹಳ್ಳದ ಸಮೀಪದ ನಾಲ್ಕನೆಯದು ಎಲ್ಲಕ್ಕಿಂತ ಆಳದ್ದು. ಅದರ ಸಾಕ್ಷಿಯ ನೆತ್ತಿಯ ಮೇಲೆ ಹಸಿರು ಕರಿಕೆ ಹುಲ್ಲು ಬೆಳೆದಿತ್ತು. ಸುತ್ತ ಹರದಾರಿಯವರೆಗೆ ಒಂದು ಹಸಿರು ಎಲೆ ಇಲ್ಲ, ಇಲ್ಲಿ ಮಾತ್ರ ಕರಿಕೆ! ನನ್ನ ಎದೆಯಲ್ಲಿ ಆಗ ಆದದ್ದು ಸಂತೋಷ. ಅದನ್ನು ಮುಚ್ಚಿಡುವುದಿಲ್ಲ. ಬೇಟೆ ಸಿಕ್ಕ ಸಂತೋಷ.

'ಏನಲೇ ಮುದುಕಾ, ಇದು ಯಾವ ಊರಿನ ಹುಲ್ಲು?' ಎಂದು ಕೂಗಿದೆ.

'ಇದ ಹೊಲದ್ದ್ರಿ' ಎಂದ ಅವನು.

'ಹೊಲದಾಗ ಮತ್ತೆಲ್ಲೆರೆ ಹಸರ ಐತೇನು? ಇದೊಂದ ಹ್ಯಾಂಗ ಹಸರಾತು?'

ಅವನಿಗೆ ಸರಿಯಾಗಿ ಕೇಳಿಸಲಿಲ್ಲ. ಹೆಂಡತಿ ಮುಂದೆ ಬಂದಳು. 'ನಾ ನೀರ ಹಾಕತೀನ್ರಿ ಯಪ್ಪಾ. ದಿನಾ ಮುಂಜಾನಿ ಒಂದ ತಂಬಗಿ.'

'ಯಾಕ ಹಾಕ್ತಿ?'

'ಹಾಕಬೇಕ್ರಿ. ನಮ್ಮತ್ತೀನೂ ಹಾಕತಿದ್ಲು. ನಮ್ಮ ಪರವಾಗಿ ಮಾತಾಡೂದು ಅದೊಂದಲ್ರಿ? ಅದರ ಬಾಯಿ ಒಣಗಬಾರದು. ದೊಡ್ಡ ತಗ್ಗಿನ ಸಾಕ್ಷಿಗೆ ನೀರ ಹಾಕಿದ್ರ ಎಲ್ಲಾಕ್ಕೂ ಮುಟ್ಟತೈತ್ರಿ.'

ಅವಳ ದನಿಯಲ್ಲಿ ಹೆದರಿಕೆ ಇರಲಿಲ್ಲ. ನನಗೆ ಗೊತ್ತಿಲ್ಲದ್ದನ್ನು ಹೇಳಿಕೊಡುವಂತೆ ಹೇಳಿದಳು. ಆ ನೆತ್ತಿಯ ಮೇಲೆ ಕುಂಕುಮವೂ ಇತ್ತು, ನಾನು ನೋಡಿದ್ದೆ. ಬುದ್ಧಿ ನೆಟ್ಟಗಿದ್ದವನಿಗೆ ಅಷ್ಟು ಸಾಕಾಗಿತ್ತು. ನನಗೆ ಮಾತ್ರ ತರಬೇತಿ ಆಗಿತ್ತು. ಕರಿಮಣ್ಣಿಗೆ ನೀರು ಬಿದ್ದರೆ ಉಬ್ಬುತ್ತದೆ ಎಂದು ಪಾಠದಲ್ಲಿ ಓದಿದ್ದೆ. ಹೆಂಟೆ ಕೂಡಿಸಿದ್ದಲ್ಲದೆ ಅದನ್ನು ನೀರು ಹಾಕಿ ಉಬ್ಬಿಸುತ್ತಿದ್ದಾರೆ, ಅದನ್ನು ತಾವಾಗಿಯೇ ಒಪ್ಪಿಕೊಂಡರು ಎಂದು ತೀರ್ಮಾನಿಸಿಬಿಟ್ಟೆ. ನೀರಿನಿಂದ ಉಬ್ಬಿದರೆ ಎಷ್ಟು ಉಬ್ಬೀತು? ಒಂದು ಬೆರಳು. ಅಷ್ಟು ಲೆಕ್ಕ ನನಗೆ ಬಾರದೆ ಇರಲಿಲ್ಲ, ಬೇಡವಾಗಿತ್ತು.

'ಇನ್ನ ಮ್ಯಾಲ ಇದಕ್ಕ ಒಂದ ಹನಿ ನೀರು ಬೀಳಬಾರದು' ಎಂದೆ. 'ಸಾಹೇಬ್ರು ಬಂದು ಅಳಿಯೂತನಕ ನಾಕೂ ತಗ್ಗು ಹಿಂಗ ಇರಬೇಕು. ಸಾಕ್ಷಿ ಬಿತ್ತಂದ್ರ ನೀವ ಕೆಡವಿದ್ರಿ ಅಂತ ಬರೀತೀನಿ. ಆಮ್ಯಾಲ ಈ ಜಿಲ್ಲಾದಾಗ ಯಾರೂ ನಿಮ್ಮ ಕೈಗೆ ಸನಿಕಿ ಕೊಡೂದಿಲ್ಲ.'

ತಂಡದವರೆಲ್ಲ ನಿಂತು ಕೇಳುತ್ತಿದ್ದರು. ಹಿರಿಯ ಹೆಂಡತಿಯ ಮುಖ ನೋಡಿದ. ಅವಳು ಅವನ ಎಡಗಿವಿಯ ಹತ್ತಿರ ಬಾಯಿಟ್ಟು ನಾನು ಹೇಳಿದ್ದನ್ನು ಒಂದೊಂದೇ ಮಾತಾಗಿ ಹೇಳಿದಳು. ಅವನು ತಲೆಯ ಮೇಲಿನ ರುಮಾಲು ತೆಗೆದು, ಮಡಚಿ, ಮತ್ತೆ ಸುತ್ತಿಕೊಂಡು, 'ಆತ್ರಿ' ಎಂದ.

ಹೊಲದ ಗೌಡರು ಅವತ್ತೇ ಸಂಜೆ ನನ್ನನ್ನು ಹುಡುಕಿಕೊಂಡು ಬಂದರು. ದೊಡ್ಡ ತಗ್ಗು ಅವರ ಹೊಲದಲ್ಲಿತ್ತು. 'ಸಾಹೇಬ್ರ, ಮಿರಗಾ ಎದುರಿಗೆ ಬಂತು. ತಗ್ಗು ಮುಚ್ಚಸ್ತೀವಿ ಅಂತ ಬರಕೊಟ್ಟೀರಿ. ನೀವ ಬ್ಯಾಡಂದ್ರ ಹ್ಯಾಂಗ್ರಿ?' ಎಂದರು. ಕರಾರು ನೋಡುವವನು ನಾನೋ ನೀವೋ ಎಂದು ಅವರನ್ನೂ ಗದರಿಸಿ ಕಳಿಸಿದೆ. ಮಾತು ತಪ್ಪಿದವರನ್ನು ಹಿಡಿಯಲು ನೇಮಿಸಿದ ಮನುಷ್ಯ ನಾನು, ಮಾತು ತಪ್ಪಿದವನೂ ನಾನೇ.

ಸಾಹೇಬರು ಆ ವಾರ ಬರಲಿಲ್ಲ. ಮುಂದಿನ ವಾರ ಬರುತ್ತೇವೆ ಎಂದು ಸಿಪಾಯಿಯ ಕೈಯಲ್ಲಿ ಚೀಟಿ ಕಳಿಸಿದರು.

ನೀರು ಹಾಕುವುದು ನಿಂತ ನಾಲ್ಕನೆಯ ದಿನಕ್ಕೆ ಕರಿಕೆ ಒಣಗಿತು. ಆರನೆಯ ದಿನಕ್ಕೆ ಸಾಕ್ಷಿ ಬಿರಿಯತೊಡಗಿತು. ನಮ್ಮ ಕಡೆಯ ಕರಿಮಣ್ಣು ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆ ಎಂಬುದನ್ನು ಕಂಡವರಿಗೆ ಹೇಳಬೇಕಾಗಿಲ್ಲ. ನೆತ್ತಿಯಿಂದ ನಡುವಿನವರೆಗೆ ಬೆರಳು ಹೋಗುವಷ್ಟು ಅಗಲದ ಬಿರುಕುಗಳು. ಆ ಹೆಂಗಸು ಧರ್ಮಕ್ಕೆಂದು ನೀರು ಹಾಕುತ್ತಿದ್ದಳು, ಆದರೆ ಅಷ್ಟು ಎತ್ತರದ ಮಣ್ಣು ನಿಂತದ್ದು ಆ ನೀರಿನಿಂದಲೇ. ಹಿರಿಯ ಅದಕ್ಕೆ ಗೋಣಿತಾಟು ಸುತ್ತಿ, ಕತ್ತೆ ಕಟ್ಟುವ ಹಗ್ಗದಿಂದ ಬಿಗಿದ. ದಿನವಿಡೀ ತಗ್ಗಿನಲ್ಲಿ ಅದರ ನೆರಳಿಗೆ ಕೂತಿರುತ್ತಿದ್ದ. ಒಂದು ಹೆಂಟೆ ಉದುರಿದರೆ ಎತ್ತಿ ಬಿರುಕಿನಲ್ಲಿ ಒತ್ತಿ ಇಡುತ್ತಿದ್ದ. ನಾನು ದಿನಕ್ಕೆರಡು ಸಲ ಏರಿಯ ಮೇಲೆ ನಿಂತು ನೋಡುತ್ತಿದ್ದೆ. ಒಂದು ಸಲ ಗುತ್ತಿಗೆದಾರ ನನ್ನ ಪಕ್ಕ ಬಂದು ನಿಂತು, 'ಛಲೋ ಹಿಡದ್ರಿ ಬಿಡ್ರಿ' ಎಂದ. ಆ ಹೊಗಳಿಕೆ ನನಗೆ ಹಿತವಾಯಿತು. ನನಗೆ ಅವಮಾನ ಮಾಡಿದವನೇ ನನ್ನನ್ನು ಮೆಚ್ಚುತ್ತಿದ್ದ.

ಮಳೆ ಬಂದದ್ದು ಒಂದು ಮಧ್ಯಾಹ್ನ, ಊಟದ ಹೊತ್ತು ಮುಗಿದ ಮೇಲೆ. ನಾನು ಏರಿಯ ಮೇಲಿನ ಗುತ್ತಿಗೆದಾರನ ತಗಡಿನ ಶೆಡ್ಡಿನಲ್ಲಿ ಕೂತು ಅವನ ಜೊತೆ ಚುರುಮುರಿ ತಿನ್ನುತ್ತಿದ್ದೆ. ಒಮ್ಮೆಲೇ ಗಾಳಿ, ಧೂಳು, ಆಮೇಲೆ ತಗಡಿನ ಮೇಲೆ ಕಲ್ಲು ಸುರಿದ ಹಾಗೆ ಸಪ್ಪಳ. ಎದುರು ಕೂತವನ ಮಾತು ಕೇಳದಂಥ ಮಳೆ. ಆ ಹೆಂಗಸು ತೋಯ್ದು ತೊಪ್ಪೆಯಾಗಿ ಬಾಗಿಲಿಗೆ ಬಂದು ನಿಂತಳು.

'ನಮ್ಮ ಹಿರ್ಯಾ ತಗ್ಗಿನಾಗ ಇಳದಾನ್ರಿ ಯಪ್ಪಾ. ಸಾಕ್ಷಿಗೆ ಕಂಬಳಿ ಹೊಚ್ಚಿ ಅದನ್ನ ತೆಕ್ಕಿ ಹಾಕ್ಕೊಂಡು ನಿಂತಾನ. ನೀರು ಮೊಣಕಾಲ್ಮಟ ಬಂತು. ನಾ ಕರದ್ರ ಬರವಲ್ಲ. ನೀವು ಒಂದ ಮಾತ ಹೇಳಿದ್ರ ಬರ್ತಾನ್ರಿ.'

ಮೇಲೆ ಬಾ. ಎರಡೇ ಶಬ್ದ. ಏರಿಯ ತುದಿಗೆ ಹೋಗಿ ಕೈಸನ್ನೆ ಮಾಡಿದ್ದರೂ ಸಾಕಾಗುತ್ತಿತ್ತು. ಗುತ್ತಿಗೆದಾರ ನಾನು ಏನು ಮಾಡುತ್ತೇನೆಂದು ನೋಡುತ್ತಿದ್ದ. ಅವನ ಎದುರು ಇನ್ನೊಮ್ಮೆ ಮೆತ್ತಗಾಗುವುದು ನನಗೆ ಬೇಡವಾಗಿತ್ತು.

'ನಾ ಏನು ಇಳಿ ಅಂದಿದ್ನೇನು?' ಎಂದೆ. 'ಈಗ ಬಾ ಅಂದ್ರ, ನಾಳೆ ಸಾಹೇಬ್ರ ಮುಂದ ನಾನ ಬಿಡಸಿದೆ ಅಂತೀರಿ.'

ಅವಳು ನೋಡಿದಷ್ಟು ಹೊತ್ತು ನನ್ನ ಮುಖವನ್ನು ಯಾರೂ ನೋಡಿರಲಿಲ್ಲ. ಆಮೇಲೆ ಸೀರೆಯ ಸೆರಗಿನಿಂದ ಕಣ್ಣಿನ ನೀರು ಒರೆಸಿಕೊಂಡು ತಿರುಗಿ ಓಡಿದಳು. ನಾನು ಚುರುಮುರಿಗೆ ಕೈ ಹಾಕಿದೆ.

ಬಿರುಕುಗಳಲ್ಲಿ ನೀರು ಇಳಿದು ಸಾಕ್ಷಿ ನಡುಮಟ್ಟಕ್ಕೆ ಸೀಳಿ ಅವನ ಮೇಲೆ ಬಿದ್ದಿತ್ತು. ಕೂಗು ಕೇಳಿ ನಾನು ಓಡಿ ಹೋಗುವಷ್ಟರಲ್ಲಿ ತಂಡದವರು ಕೈಯಿಂದಲೇ ಮಣ್ಣು ಬಗೆಯುತ್ತಿದ್ದರು. ಸನಿಕೆ ಹಾಕಿದರೆ ಮೈಗೆ ತಾಗೀತು ಎಂಬ ಹೆದರಿಕೆ. ನೆಲದಲ್ಲಿ ಅಗೆದೇ ಬಾಳಿದ ಕೈಗಳು, ಆದರೂ ಹೊತ್ತು ಹಿಡಿಯಿತು. ಹೊರಗೆ ತೆಗೆದಾಗ ಬಾಯಲ್ಲಿ, ಮೂಗಿನಲ್ಲಿ ಕರಿಕೆಸರು ತುಂಬಿತ್ತು. ಎರಡೂ ತೋಳುಗಳು ಏನನ್ನೋ ತಬ್ಬಿ ಹಿಡಿದ ಹಾಗೆಯೇ ಸೆಟೆದಿದ್ದವು. ಅವುಗಳನ್ನು ಮಡಚಿ ಎದೆಯ ಮೇಲೆ ಇಡಲು ನಾಲ್ಕು ಜನ ಬೇಕಾಯಿತು.

ಸಾಕ್ಷಿಯ ದೊಡ್ಡ ತುಂಡೊಂದು ಪಕ್ಕದಲ್ಲೇ ಒಡೆದು ಬಿದ್ದಿತ್ತು. ಜನ ಅಳುತ್ತಿದ್ದಾಗ ನಾನು ಅದನ್ನು ನೋಡಿದೆ. ಬೇರೆ ಹೆಂಟೆ ಕೂಡಿಸಿದ್ದರೆ ಅಲ್ಲಿ ಒಂದು ಗೆರೆ ಕಾಣಬೇಕು. ಗೆರೆ ಇರಲಿಲ್ಲ. ಕರಿಕೆಯ ಬೇರು ನೆತ್ತಿಯಿಂದ ಮೊಳದುದ್ದ ನೆಟ್ಟಗೆ ಇಳಿದಿತ್ತು. ಹೊಲ ಹುಟ್ಟಿದಾಗಿನಿಂದ ಒಂದೇ ಮಣ್ಣು. ನಾನು ಆ ತುಂಡನ್ನು ಕಾಲಿನಿಂದ ಒತ್ತಿ ನೀರಿಗೆ ನೂಕಿದೆ. ನೋಡುತ್ತ ನಿಂತಂತೆಯೇ ಅದು ಕರಗಿತು. ಸಾವು ಸಿಟ್ಟಿನ ಮನುಷ್ಯನಿಂದ ಆಯಿತು ಎನ್ನಬಹುದು, ಇದನ್ನು ಮಾತ್ರ ತಣ್ಣನೆಯ ಮನುಷ್ಯ ಮಾಡಿದ.

ಪಂಚನಾಮೆಗೆ ಕೂತಾಗ ಗುತ್ತಿಗೆದಾರ ನನ್ನ ಮೊಣಕೈ ಹಿಡಿದು, 'ಹೆದರಬ್ಯಾಡ್ರಿ, ಬ್ಯಾಡ ಅಂದ್ರೂ ಇಳದ ಅಂತ ಬರಸೂಣು' ಎಂದ. ಹಾಗೆಯೇ ಬರೆಸಿದೆವು. ಕೆಳಗೆ ನಾನು ರುಜು ಮಾಡಿದೆ. ಆಮೇಲೆ ಬೇವಿನ ಸಸಿಗಳ ಕಾಗದ ಅವನು ನನ್ನ ಮುಂದೆ ಇಟ್ಟ. ಎಲ್ಲ ಹಚ್ಚಲಾಗಿದೆ, ಎಲ್ಲ ಚಿಗುರಿವೆ ಎಂದು ಅದರಲ್ಲಿತ್ತು. ಅದಕ್ಕೂ ರುಜು ಮಾಡಿದೆ. ಆ ರಸ್ತೆಯಲ್ಲಿ ಬಿಸಿಲಿಗೆ ನಡೆಯುವವರು ಇವತ್ತಿಗೂ ನೆರಳಿಲ್ಲದೆ ನಡೆಯುತ್ತಾರೆ.

ಸಾಹೇಬರು ಮರುದಿನ ಬಂದರು. ಇಷ್ಟು ದಿನ ಬಾರದವರು ಹೆಣ ಬಿದ್ದ ಮೇಲೆ ಜೀಪಿನಲ್ಲಿ ಬಂದರು. ನೀರು ತುಂಬಿದ ತಗ್ಗನ್ನು ನೋಡಿ ಮುಖ ಸಿಂಡರಿಸಿ, ಅಳತೆ ಗಿಳತೆ ಏನೂ ಬೇಡ, ತಂಡದವರು ಹೇಳಿದಷ್ಟೇ ಬರೆದುಕೋ, ಮೊದಲು ಮುಚ್ಚಿಸು ಎಂದು ಹೇಳಿ ಹೋದರು. ಹಾಗೆ ಬರೆದುಕೊಳ್ಳುವುದು ಹತ್ತು ದಿನ ಮುಂಚೆ ನನ್ನ ಕೈಯಲ್ಲೇ ಇತ್ತು.

ತಂಡದವರು ಹಿರಿಯನನ್ನು ಹಳ್ಳದ ದಂಡೆಯಲ್ಲಿ ಮಣ್ಣು ಮಾಡಿ, ಮೂರನೆಯ ದಿನ ಕೆಲಸಕ್ಕೆ ಇಳಿದರು. ಬಿಟ್ಟು ಹೋಗುತ್ತಾರೆ ಎಂದುಕೊಂಡಿದ್ದೆ. ಹೋಗಲಿ ಎಂದು ಆಸೆಯೂ ಇತ್ತು. ಅವರು ಹೋಗಲಿಲ್ಲ. ನೀರು ಹೊರಗೆ ಚೆಲ್ಲಿದರು, ಹೂಳು ತುಂಬಿ ಕತ್ತೆಗಳನ್ನು ಓಡಾಡಿಸಿ ತುಳಿಸಿದರು, ಪಕ್ಕದ ಗುಡ್ಡೆಯಿಂದ ಗೌಡರ ಕರಿಮಣ್ಣನ್ನು ತಂದು ಹರಡಿದರು. ಮುಂಚೆ ಯಾವ ಕೆಲಸದಲ್ಲೂ ನಾನು ಅಷ್ಟು ಚೊಕ್ಕಾಗಿ ಮುಚ್ಚಿದ್ದನ್ನು ಕಂಡಿರಲಿಲ್ಲ. ಗೌಡರು ನೆಲ ಸಮವಾದದ್ದನ್ನು ನೋಡಿ ತಲೆಯಾಡಿಸಿದರು, ನನಗೆ ಮಾತ್ರ ಬೆನ್ನು ಹಾಕಿ ಹೋದರು.

ನಾಲ್ಕನೆಯ ತಗ್ಗು ಮುಗಿದ ಸಂಜೆ ನಾನು ದೂರದಿಂದಲೇ ಕೈ ಎತ್ತಿ, 'ಆತು, ಹೋಗ್ರಿ ಇನ್ನ' ಎಂದೆ. ಹಿರಿಯನ ಹೆಂಡತಿ ಅಲ್ಲೇ ನಿಂತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ.

'ಹಾಂಗ ಹ್ಯಾಂಗ ಆಗತೈತ್ರಿ?' ಎಂದಳು. 'ಮುಚ್ಚಿದ್ದು ಸರಿ ಐತೋ ಇಲ್ಲೋ ನೀವು ನೋಡಬೇಕಲ್ರಿ.'

ಮುಚ್ಚಿದ ತಗ್ಗನ್ನು ನೋಡುವ ರೀತಿ ಅವಳಿಗೂ ಗೊತ್ತಿತ್ತು. ಉದ್ದನೆಯ ಕಬ್ಬಿಣದ ಸಲಾಕೆಯನ್ನು ನೆಲಕ್ಕೆ ಚುಚ್ಚಬೇಕು. ಮಣ್ಣು ಸಡಿಲಾಗಿದ್ದರೆ ಸರ್ರನೆ ಇಳಿಯುತ್ತದೆ, ಗಟ್ಟಿಯಾಗಿದ್ದರೆ ಕೈಗೆ ತಡೆ ಸಿಗುತ್ತದೆ. ನಾಲ್ಕು ಮೂಲೆಗೆ ಚುಚ್ಚಬೇಕು, ನಡುವೆ ಒಂದು. ತಂಡದ ಒಬ್ಬಾತನಿಂದ ಸಲಾಕೆ ಇಸಿದುಕೊಂಡು ಅವಳೇ ತಂದು ನನ್ನ ಕೈಗೆ ಕೊಟ್ಟಳು.

ಒಂದು ಮೂಲೆಗೆ ಚುಚ್ಚಿದೆ. ಗಟ್ಟಿಯಿತ್ತು. ಇನ್ನೂ ಮೂರಕ್ಕೆ ಚುಚ್ಚಿದೆ. ಅವಳು ಹಿಂದೆಯೇ ನಡೆದುಬಂದಳು. ಸಾಕು ಎಂದು ಸಲಾಕೆಯನ್ನು ಅವಳಿಗೆ ಕೊಡಲು ಹೋದೆ. ಅವಳು ತೆಗೆದುಕೊಳ್ಳಲಿಲ್ಲ. ಮುಚ್ಚಿದ ತಗ್ಗಿನ ನಡುವೆ ಹೋಗಿ, ಸಾಕ್ಷಿ ನಿಂತಿದ್ದ, ಈಗ ನೆಲದಲ್ಲಿ ಯಾವ ಗುರುತೂ ಇಲ್ಲದ ಜಾಗದಲ್ಲಿ ನಿಂತು, ಬರಿಗಾಲಿನಿಂದ ಆ ಮಣ್ಣನ್ನು ಮುಟ್ಟಿ ತೋರಿಸಿದಳು.

'ಇಲ್ಲೂ ಚುಚ್ಚಿ ನೋಡ್ರಿ ಯಪ್ಪಾ. ಇಲ್ಲಿ ಸಡಿಲ ಇದ್ರ ನಾಳೆ ಮತ್ತ ನಮ್ಮ ಮ್ಯಾಲ ಬರತೈತಿ.'

ತಂಡದವರೆಲ್ಲ ನೋಡುತ್ತಿದ್ದರು. ಆಗಲೂ ಕಾಲಿಗೆ ಬೀಳಬಹುದಾಗಿತ್ತು. ಸಲಾಕೆ ಎಸೆದು ಓಡಿ ಹೋಗಿದ್ದರೂ ಅವಳಿಗೆ ಒಂದಿಷ್ಟು ಸಮಾಧಾನವಾಗುತ್ತಿತ್ತೇನೋ. ನಾನು ಸಲಾಕೆಯನ್ನು ಎರಡೂ ಕೈಯಿಂದ ಎತ್ತಿ ಅಲ್ಲಿ ಚುಚ್ಚಿದೆ.

'ಗಟ್ಟಿ ಐತಿ' ಎಂದೆ.

'ಹಂಗಾರ ಬರಕೊಳ್ರಿ' ಎಂದಳು. ಬರೆದುಕೊಂಡೆ.